ಶಾಲೆಯ ವರಾಂಡಕ್ಕೊಂದು ‘ಈ ದಿನ’ ಹಲಗೆ: ಒಂದು ವರ್ಷದ ಕೆಲಸದ ಲೆಕ್ಕ

ನಮ್ಮ ಹೈಸ್ಕೂಲಿನ ವರಾಂಡದಲ್ಲಿ ಒಂದು ಹಲಗೆ ಇದೆ. ಎಡಗಡೆ ಇವತ್ತಿನ ತಾರೀಖು. ಬಲಗಡೆ ಐದು ಸಾಲು. ಇದೇ ತಾರೀಖಿನಂದು ಹಿಂದೆ ಎಂದೋ ನಡೆದ ಘಟನೆಗಳನ್ನು ಕಾಗದದ ಪಟ್ಟಿಗಳ ಮೇಲೆ ಬರೆದು ಆ ಸಾಲುಗಳಲ್ಲಿ ಸಿಕ್ಕಿಸುತ್ತೇವೆ. ದಿನಾ ಸಂಜೆ ಇಬ್ಬರು ಮಕ್ಕಳು ಮರುದಿನದ ಪಟ್ಟಿಗಳನ್ನು ಹಾಕಿ ಮನೆಗೆ ಹೋಗುತ್ತಾರೆ.

ನಾನು ಇಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮರಗೆಲಸ ನನಗೆ ಹೊಸದು. ಇಂಥದ್ದೊಂದು ಮಾಡಬೇಕು ಅಂತ ಬೇರೆ ಶಾಲೆಯ ಇಬ್ಬರು ಟೀಚರ್‌ಗಳು ಕೇಳಿದ್ದರಿಂದ ಅಳತೆ, ಖರ್ಚು, ತಪ್ಪು ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಹಲಗೆಯ ತಪ್ಪುಗಳನ್ನು ಎರಡು ದಿನದಲ್ಲಿ ಸರಿ ಮಾಡಿದೆವು. ತಾರೀಖಿನ ತಪ್ಪುಗಳಿಗೆ ಒಂದು ವರ್ಷ ಹಿಡಿಯಿತು, ಇನ್ನೂ ಮುಗಿದಿಲ್ಲ.

ಮಾರ್ಚ್ 14, 2023: ಶುರುವಾದದ್ದು

ಪ್ರಾರ್ಥನೆ ಆದಮೇಲೆ ಎಂಟನೇ ತರಗತಿಯ ಹುಡುಗಿಯೊಬ್ಬಳು ‘ಇಂದಿನ ವಿಶೇಷ’ ಓದಿದಳು. 1879ರಲ್ಲಿ ಐನ್‌ಸ್ಟೈನ್ ಹುಟ್ಟಿದ ದಿನ. 2018ರಲ್ಲಿ ಸ್ಟೀಫನ್ ಹಾಕಿಂಗ್ ತೀರಿಕೊಂಡ ದಿನ. 1883ರಲ್ಲಿ ಕಾರ್ಲ್ ಮಾರ್ಕ್ಸ್ ತೀರಿಕೊಂಡ ದಿನವೂ ಇದೇ ಅಂತ ನಾನು ಸೇರಿಸಿದೆ. ಸಾಲಿನ ಹಿಂದಿನಿಂದ ಒಬ್ಬ ಜೋರಾಗಿ ಕೇಳಿದ: “ಮೂರೂ ಒಂದೇ ದಿನಾನಾ ಮಿಸ್?”

ಇಸವಿ ಅಂದರೆ ಮುಖ ಬಾಡಿಸುವ ಮಕ್ಕಳು ಅವತ್ತು ಮಧ್ಯಾಹ್ನದವರೆಗೂ ತಮ್ಮ ತಮ್ಮ ಹುಟ್ಟಿದ ದಿನ ಯಾರು ಹುಟ್ಟಿದ್ದರು ಅಂತ ಕೇಳುತ್ತಿದ್ದರು. ಇದನ್ನು ಗೋಡೆಯ ಮೇಲೆ ಇಡಬೇಕು ಅನ್ನಿಸಿತು.

ಮೊದಲ ವಾರ ಕರಿಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಬರೆದೆವು. ಮೂರನೇ ದಿನಕ್ಕೇ ನಿಂತಿತು. ದಿನಾ ಹುಡುಕಬೇಕು, ದಿನಾ ಬರೆಯಬೇಕು, ಸಂಜೆ ಅಳಿಸಿದರೆ ಹೋಯಿತು. ಒಮ್ಮೆ ಬರೆದದ್ದು ಮುಂದಿನ ವರ್ಷಕ್ಕೂ ಉಳಿಯಬೇಕು ಅಂದರೆ ಪಟ್ಟಿಗಳೇ ಬೇಕು ಅಂತ ಆಗ ಗೊತ್ತಾಯಿತು.

ಏಪ್ರಿಲ್ ಮತ್ತು ಮೇ 2023: ಹಲಗೆ

ಅಳತೆಯನ್ನು ಕಾಗದದಿಂದ ಶುರು ಮಾಡಿದೆ. ಅಂಗಡಿಯಲ್ಲಿ ಸಿಗುವ ದಪ್ಪ ಐವರಿ ಶೀಟು 22 ಇಂಚು ಅಗಲ, 28 ಇಂಚು ಉದ್ದ. ಉದ್ದಕ್ಕೆ 4 ಇಂಚಿನಂತೆ ಕತ್ತರಿಸಿದರೆ ಒಂದು ಶೀಟಿಗೆ 5 ಪಟ್ಟಿ, 2 ಇಂಚು ಉಳಿಕೆ. ಆ ಉಳಿಕೆ ಆಮೇಲೆ, ಪಟ್ಟಿಗಳನ್ನು ತಿಂಗಳಿಗೊಂದರಂತೆ ಜೋಡಿಸಿಟ್ಟ ಶೂ ಡಬ್ಬಗಳಲ್ಲಿ ದಿನ ದಿನಕ್ಕೆ ಅಡ್ಡ ಕಾರ್ಡು ಇಡಲು ಬಂತು.

ಪಟ್ಟಿ 28 ಇಂಚು ಆದಮೇಲೆ ಹಲಗೆಯ ಅಳತೆ ತಾನಾಗಿ ಬಂತು. 12 ಎಂಎಂ ಪ್ಲೈವುಡ್, 4 ಅಡಿ ಉದ್ದ, 3 ಅಡಿ ಎತ್ತರ. ಎಡಗಡೆ ತಾರೀಖಿಗೆ 15 ಇಂಚು, ಮೇಲೆ ಶೀರ್ಷಿಕೆಗೆ 7 ಇಂಚು, ಉಳಿದ ಜಾಗದಲ್ಲಿ 5 ಇಂಚಿಗೊಂದರಂತೆ ಐದು ಸಾಲು. ಪೂರ್ತಿ ಶೀಟು ತೆಗೆದುಕೊಳ್ಳಲಿಲ್ಲ. ಪ್ಲೈವುಡ್ ಅಂಗಡಿಯಲ್ಲಿ ಉಳಿದ ತುಂಡು ಕೇಳಿದರೆ ಚದರಡಿ ಲೆಕ್ಕದಲ್ಲಿ ಕೊಡುತ್ತಾರೆ. 12 ಚದರಡಿಗೆ 70 ರೂಪಾಯಿಯಂತೆ 840 ಆಯಿತು.

ಸಲಕರಣೆ ಎಲ್ಲ ಊರಿನ ಆಚಾರ್ರ ಮನೆಯದ್ದು: ಟೇಪು, ಮೂಲೆಮಟ್ಟ, ಸಣ್ಣ ಗರಗಸ, ಉಳಿ, ಡ್ರಿಲ್ಲಿಂಗ್ ಮಿಷನ್. ಅರ್ಧ ದಿನ ಅವರೇ ಬಂದು ನಿಂತು ಹೇಳಿಕೊಟ್ಟರು. ಅವರಿಗೆ 400 ಕೊಟ್ಟೆ. ಬೇಡ ಅಂದರು, ಬಲವಂತ ಮಾಡಿ ಕೊಟ್ಟೆ.

ಅಂಚನ್ನು ಉಪ್ಪು ಕಾಗದದಲ್ಲಿ ಉಜ್ಜಿ, ಒಂದು ಕೋಟ್ ಪ್ರೈಮರ್, ಎರಡು ಕೋಟ್ ಹಸಿರು ಎನಾಮಲ್ ಹೊಡೆದೆ. ಹಿಂಬದಿಗೆ ಬರೀ ಪ್ರೈಮರ್ ಹೊಡೆದೆ. ಇದು ತಪ್ಪು. ಗೋಡೆಗೆ ತಾಗುವ ಬದಿಗೇ ಬಣ್ಣ ಜಾಸ್ತಿ ಬೇಕು. ಮಳೆಗಾಲದಲ್ಲಿ ಗೋಡೆಯ ತೇವ ಬರುವುದು ಆ ಕಡೆಯಿಂದಲೇ ಅಲ್ವಾ?

ಪಟ್ಟಿ ಜಾರಿಸಲು ಮರದ ಬೀಡಿಂಗ್ (ತೆಳ್ಳನೆಯ ರೀಪು) ಹಾಕಿದೆ. ಒಂದು ಸಾಲಿಗೆ ಮೇಲೊಂದು, ಕೆಳಗೊಂದು, ಒಟ್ಟು ಹತ್ತು ತುಂಡು. ಕಾಗದ ಅರ್ಧ ಎಂಎಂ ಕೂಡ ಇಲ್ಲವಲ್ಲ ಅಂತ ಬೀಡಿಂಗ್ ಮತ್ತು ಹಲಗೆಯ ನಡುವೆ 1 ಎಂಎಂ ಸಂದು ಬಿಟ್ಟು ಫೆವಿಕಾಲ್ ಹಾಕಿ ಅಂಟಿಸಿದೆ. ಆಚಾರ್ರು ನೋಡಿ, “ಬಿಗಿಯಾಯ್ತಲ್ಲ ಮಿಸ್, ಮಳೇಲಿ ನೋಡಿ” ಅಂದರು. ಕೇಳಬೇಕಿತ್ತು.

ತಾರೀಖಿಗೆ ಮೂರು ಕೊಕ್ಕೆ: ಎರಡು ಅಂಕಿಗೆ, ಒಂದು ತಿಂಗಳಿಗೆ. ಹಳೆಯ ತಗಡಿನ ತುಂಡುಗಳಿಗೆ ಬಣ್ಣ ಹೊಡೆದು ಕನ್ನಡ ಅಂಕಿಗಳನ್ನು ಬರೆದೆವು. ಸೊನ್ನೆಯಿಂದ ಒಂಬತ್ತು, ಹತ್ತು ತಗಡು.

ಜೂನ್ 26, 2023, ಸೋಮವಾರ: ಗೋಡೆಗೆ ಏರಿತು

ರಸಮಟ್ಟ ಇಟ್ಟು ಗುರುತು ಮಾಡಿ, ಗೋಡೆಗೆ ನಾಲ್ಕು ತೂತು, ಪ್ಲಾಸ್ಟಿಕ್ ಪ್ಲಗ್, ಎರಡೂವರೆ ಇಂಚಿನ ಸ್ಕ್ರೂ. ನೆಲದಿಂದ ಹಲಗೆಯ ಕೆಳ ಅಂಚಿಗೆ 3 ಅಡಿ. ಎಂಟನೇ ತರಗತಿಯ ಮಕ್ಕಳ ಕೈಗೆ ಮೇಲಿನ ಸಾಲು ಎಟುಕುವಷ್ಟು.

ಆ ದಿನದ ಪಟ್ಟಿಗಳು ಎರಡು. 1945, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ. ಭಾರತದ ಪರವಾಗಿ ಸಹಿ ಹಾಕಿದವರು ಎ. ರಾಮಸ್ವಾಮಿ ಮೊದಲಿಯಾರ್. ಮರುವರ್ಷವೇ ಮೈಸೂರಿಗೆ ದಿವಾನರಾಗಿ ಬಂದರು, ಮೈಸೂರಿನ ಕೊನೆಯ ದಿವಾನರು ಅವರೇ. ಇದನ್ನು ಹೇಳಿದಾಗ ಮಕ್ಕಳಿಗೆ ಸ್ಯಾನ್ ಫ್ರಾನ್ಸಿಸ್ಕೋ ಸ್ವಲ್ಪ ಹತ್ತಿರ ಬಂದಂತಾಯಿತು.

ಎರಡನೆಯದು 1975ರ ತುರ್ತು ಪರಿಸ್ಥಿತಿ. ಮೊದಲ ದಿನವೇ ತಕರಾರು ಬಂತು. ನಮ್ಮ ಗಣಿತದ ಮೇಷ್ಟ್ರು, “ಅದು 25 ಅಲ್ವಾ?” ಅಂದರು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದ್ದು 25ರ ರಾತ್ರಿ. ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ದೇಶಕ್ಕೆ ತಿಳಿಸಿದ್ದು 26ರ ಬೆಳಿಗ್ಗೆ. ಸಹಿಯ ದಿನವೋ, ಜನರಿಗೆ ಗೊತ್ತಾದ ದಿನವೋ? ಕೊನೆಗೆ ಎರಡು ಪಟ್ಟಿ ಬರೆದೆವು. 25ಕ್ಕೆ ‘ಸಹಿ’, 26ಕ್ಕೆ ‘ರೇಡಿಯೋದಲ್ಲಿ ಘೋಷಣೆ’. ಏನು ನಡೆಯಿತು ಅನ್ನುವ ಕ್ರಿಯಾಪದ ಇಲ್ಲದೆ ತಾರೀಖು ಬರೆಯಬಾರದು ಅನ್ನುವ ನಿಯಮ ಅವತ್ತೇ ಹುಟ್ಟಿತು.

ಮೂರನೇ ದಿನಕ್ಕೆ ಇನ್ನೊಂದು. ಕನ್ನಡದ ೬ ಮತ್ತು ೯ ಅದಲುಬದಲಾಗಿ, 29ಕ್ಕೆ 26 ಅಂತ ತೂಗಿತ್ತು. ತಗಡಿನ ಹಿಂದೆ ಅಕ್ಷರದಲ್ಲಿ ‘ಆರು’, ‘ಒಂಬತ್ತು’ ಅಂತ ಬರೆದೆವು. ಜುಲೈ 11ರ ಹಿಂದಿನ ಸಂಜೆ ಮಕ್ಕಳು ಬಂದು ಇನ್ನೊಂದು ‘ಒಂದು’ ಕೇಳಿದರು. ಹತ್ತೇ ತಗಡು ಮಾಡಿದ್ದೆ, 11ಕ್ಕೂ 22ಕ್ಕೂ ಒಂದೇ ಅಂಕಿ ಎರಡು ಸಲ ಬೇಕು. ಮಾಡುವವರು ಹನ್ನೆರಡು ತಗಡು ಮಾಡಿಕೊಳ್ಳಿ.

ಜುಲೈ 20, 2023: ಚಂದ್ರನ ಮೇಲೆ ಯಾವ ತಾರೀಖು?

‘1969, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನ’ ಅಂತ ಪಟ್ಟಿ ಹಾಕಿದ್ದೆವು. ಮಧ್ಯಾಹ್ನ ಮೊಮ್ಮಗನಿಗೆ ಊಟದ ಡಬ್ಬಿ ತಂದ ಅಜ್ಜ ಒಬ್ಬರು ಹಲಗೆಯ ಮುಂದೆ ನಿಂತು ಓದಿದರು. ನಿಧಾನವಾಗಿ ಹೇಳಿದರು: “ಇದು ಸೋಮವಾರ ಕಣಮ್ಮ. ಬೆಳಿಗ್ಗೆ ಹೊತ್ತು. ನಾನು ಆಗ ಸ್ಕೂಲಿಗೆ ಹೊರಟಿದ್ದೆ, ಗೌಡರ ಮನೆ ರೇಡಿಯೋದಲ್ಲಿ ಹೇಳ್ತಿದ್ರು.”

ಹಳೆಯ ಕ್ಯಾಲೆಂಡರ್ ಲೆಕ್ಕ ಹಾಕಿದೆ. 1969ರ ಜುಲೈ 20 ಭಾನುವಾರ. ಅಜ್ಜ ಹೇಳಿದ್ದೇ ಸರಿ. ನೌಕೆ ಇಳಿದಾಗ ಅಮೆರಿಕದಲ್ಲಿ ಭಾನುವಾರ ಸಂಜೆ 4 ಗಂಟೆ 17 ನಿಮಿಷ. ಆಗ ನಮ್ಮಲ್ಲಿ ನಡುರಾತ್ರಿ ದಾಟಿ 1 ಗಂಟೆ 47 ನಿಮಿಷ, ಅಂದರೆ 21ನೇ ತಾರೀಖು. ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು ಅಲ್ಲಿಯ ರಾತ್ರಿ 10 ಗಂಟೆ 56 ನಿಮಿಷಕ್ಕೆ. ನಮ್ಮಲ್ಲಿ ಸೋಮವಾರ ಬೆಳಿಗ್ಗೆ 8 ಗಂಟೆ 26 ನಿಮಿಷ. ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತೇ.

ಐವತ್ನಾಲ್ಕು ವರ್ಷದ ನೆನಪು ನನ್ನ ಪಟ್ಟಿಗಿಂತ ಸರಿ ಇತ್ತು. ನನಗೆ ಅವತ್ತು ನಿಜಕ್ಕೂ ಖುಷಿಯಾಯಿತು. ಪಟ್ಟಿ ಬದಲಿಸಿ, ‘ಅಮೆರಿಕದಲ್ಲಿ 20ರ ರಾತ್ರಿ, ನಮ್ಮಲ್ಲಿ 21ರ ಬೆಳಿಗ್ಗೆ’ ಅಂತ ಬರೆದೆವು. ಅದನ್ನು ಎರಡು ದಿನವೂ ಹಾಕಿದೆವು. ಘಟನೆ ಎಲ್ಲಿ ನಡೆಯಿತೋ ಅಲ್ಲಿಯ ತಾರೀಖು ಅನ್ನುವುದು ಎರಡನೇ ನಿಯಮ. ಚಂದ್ರನ ಮೇಲೆ ಆ ನಿಯಮ ನಡೆಯುವುದಿಲ್ಲ, ಆದ್ದರಿಂದ ಎರಡೂ.

ಜುಲೈ ಕೊನೆ: ಮಳೆ, ಮತ್ತು ಬೀಡಿಂಗ್ ಕಿತ್ತದ್ದು

ಆಚಾರ್ರು ಹೇಳಿದಂತೆಯೇ ಆಯಿತು. ಒಂದು ವಾರ ಬಿಡದೆ ಮಳೆ ಹಿಡಿಯಿತು. ಪಟ್ಟಿಗಳು ತೇವ ಕುಡಿದು ಬಿಲ್ಲಿನಂತೆ ಬಾಗಿದವು. 1 ಎಂಎಂ ಸಂದಿಯಲ್ಲಿ ಎರಡು ಸಿಕ್ಕಿಕೊಂಡು ಹರಿದವು. ಮಧ್ಯದ ಸಾಲಿನವು ಉಬ್ಬಿ ತಾವೇ ಹೊರಗೆ ಬಿದ್ದವು. ಸ್ಕೆಚ್ ಪೆನ್ನಿನ ಬರಹ ಹರಡಿತು. 90 ಪಟ್ಟಿಯಲ್ಲಿ 34 ಹಾಳು.

ಮೊದಲ ಪ್ರಯತ್ನ: ಪಟ್ಟಿಗಳಿಗೆ ಅಂಟು ಟೇಪು ಸುತ್ತಿದೆವು. ಬಿಸಿಲಿಗೆ ಹೊಳೆದು ಓದಲು ಆಗಲಿಲ್ಲ. ಎರಡನೆಯದು: ಲ್ಯಾಮಿನೇಷನ್. 28 ಇಂಚಿಗೆ ಅಂಗಡಿಯವರು ಹೇಳಿದ ರೇಟು ಕೇಳಿ ಬಿಟ್ಟೆ. ಸಾವಿರ ಪಟ್ಟಿಗೆ ಅದು ಆಗುವ ಮಾತಲ್ಲ.

ಮೂರನೆಯದು ಗೆದ್ದಿತು. ಗಟ್ಟಿ ಇರಬೇಕಾದ್ದು ಕಾಗದ ಅಲ್ಲ, ಕಾಗದದ ಹಿಂದೆ ಇರುವುದು. 3 ಎಂಎಂ ಹಾರ್ಡ್‌ಬೋರ್ಡಿನಲ್ಲಿ 28 ಇಂಚು, 4 ಇಂಚಿನ ಐದು ತುಂಡು ಕತ್ತರಿಸಿದೆವು. ಅವು ಸಾಲುಗಳಲ್ಲಿ ಸದಾ ಇರುತ್ತವೆ. ಕಾಗದದ ಪಟ್ಟಿಯನ್ನು ಅದರ ಮೇಲಿಟ್ಟು ಎರಡು ತುದಿಗೆ ಬೈಂಡರ್ ಕ್ಲಿಪ್ ಹಾಕಿದರೆ ಆಯಿತು. ಇದಕ್ಕಾಗಿ ಹಳೆಯ ಬೀಡಿಂಗ್ ಎಲ್ಲ ಉಳಿಯಿಂದ ಕೀಳಬೇಕಾಯಿತು. ಫೆವಿಕಾಲ್ ಚೆನ್ನಾಗಿ ಹಿಡಿದಿತ್ತು, ಹಲಗೆಯ ಬಣ್ಣವೂ ಜೊತೆಗೇ ಎದ್ದು ಬಂತು. ಹೊಸ ಬೀಡಿಂಗನ್ನು 26 ಇಂಚಿಗೆ ಕತ್ತರಿಸಿ, ಹಿಂದೆ 5 ಎಂಎಂ ಪ್ಲೈ ಚೂರು ಕೊಟ್ಟು, ಈ ಸಲ ಸ್ಕ್ರೂ ಹಾಕಿ ಕೂರಿಸಿದೆವು. ಎರಡೂ ತುದಿಯಲ್ಲಿ ಒಂದೊಂದು ಇಂಚು ಹೊರಗೆ ಉಳಿಯುತ್ತದೆ, ಕ್ಲಿಪ್ ಹಾಕಲು ಅದೇ ಜಾಗ. ಗೋಡೆಯಿಂದ ಇಳಿಸಿದಾಗ ಹಿಂಬದಿಗೆ ಎರಡು ಕೋಟ್ ಎನಾಮಲ್ ಕೂಡ ಹೊಡೆದೆ, ಉಳಿದಿದ್ದ ಬಣ್ಣದಲ್ಲೇ.

ಇದರಿಂದ ಇನ್ನೊಂದು ಲಾಭ. ಈಗ ಐವರಿ ಶೀಟು ಬೇಡ, ಸಾದಾ ಡ್ರಾಯಿಂಗ್ ಶೀಟು ಸಾಕು. 15 ರೂಪಾಯಿ ಇದ್ದದ್ದು 6ಕ್ಕೆ ಇಳಿಯಿತು. ಸ್ಕೆಚ್ ಪೆನ್ ಬಿಟ್ಟು ಅಳಿಸದ ಮಾರ್ಕರ್ ತಂದೆವು. ಪಟ್ಟಿಗಳ ಡಬ್ಬಗಳನ್ನು ವರಾಂಡದಿಂದ ಸ್ಟಾಫ್ ರೂಮಿನ ಹಳೆಯ ಟ್ರಂಕಿಗೆ ಸೇರಿಸಿದೆವು.

ಆಗಸ್ಟ್ 24, 2023: ನಾವೇ ನೋಡಿದ ಪಟ್ಟಿ

ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿಯಿತು. ವಿಜ್ಞಾನದ ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಮಕ್ಕಳ ಜೊತೆ ನೋಡಿದೆವು. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದಾಗ ನಮ್ಮ ವರಾಂಡದಲ್ಲೂ ಅದೇ ಸದ್ದು.

ಮರುದಿನ ಬೆಳಿಗ್ಗೆ ಮಕ್ಕಳು ಹೊಸ ಪಟ್ಟಿ ಬರೆದರು. ಆಗಸ್ಟ್ ಡಬ್ಬದಲ್ಲಿ 23ರ ಜಾಗಕ್ಕೆ ಸೇರಿಸಲು ಹೋದಾಗ ಅಲ್ಲಿ ಮೊದಲೇ ಇದ್ದ ಪಟ್ಟಿಯನ್ನು ಇನ್ನೊಮ್ಮೆ ಓದಿದರು. ‘1966, ಅಮೆರಿಕದ ಲೂನಾರ್ ಆರ್ಬಿಟರ್-1 ಚಂದ್ರನ ಬಳಿಯಿಂದ ಭೂಮಿಯ ಮೊದಲ ಚಿತ್ರ ತೆಗೆಯಿತು.’ ಹಿಂದಿನ ದಿನ ಹಲಗೆಯ ಮೇಲೇ ಇತ್ತು, ಗಡಿಬಿಡಿಯಲ್ಲಿ ಯಾರೂ ಗಮನಿಸಿರಲಿಲ್ಲ. ಎರಡೂ ಪಟ್ಟಿ ಅಕ್ಕಪಕ್ಕ ಹಿಡಿದು ಮಕ್ಕಳು ತುಂಬಾ ಹೊತ್ತು ನಿಂತರು. ಇದೊಂದು ದಿನಕ್ಕಾಗಿಯಾದರೂ ಹಲಗೆ ಮಾಡಿದ್ದು ಸಾರ್ಥಕ ಅನ್ನಿಸಿತು.

ನವೆಂಬರ್ 1, 2023: ಕೆಂಪು ದಾರ

ಅವತ್ತಿನ ಎರಡು ಪಟ್ಟಿ: 1956ರಲ್ಲಿ ಕನ್ನಡ ಮಾತಾಡುವ ಪ್ರದೇಶಗಳು ಸೇರಿ ಮೈಸೂರು ರಾಜ್ಯವಾದದ್ದು, 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು. ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದಾಗ.

ಒಂಬತ್ತನೇ ತರಗತಿಯ ಹುಡುಗ ಕೇಳಿದ: “ಇದೂ ಐನ್‌ಸ್ಟೈನ್, ಹಾಕಿಂಗ್ ಥರ ತಾನಾಗೇ ಒಂದೇ ದಿನ ಬಂತಾ ಮಿಸ್?”

ಇಲ್ಲ, ಇದು ಬೇಕೆಂದೇ ಇಟ್ಟ ದಿನ. ರಾಜ್ಯೋತ್ಸವದ ದಿನವನ್ನೇ ನೋಡಿ ಹೆಸರಿಟ್ಟರು. ಅಲ್ಲಿಯವರೆಗೆ ನಮ್ಮ ಹಲಗೆಯಲ್ಲಿ ಇವೆರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಸುಮ್ನೆ ಕೂಡಿಬಂದ ದಿನ ಒಂದು, ಯಾರೋ ಯೋಚಿಸಿ ಆರಿಸಿದ ದಿನ ಇನ್ನೊಂದು. ಎರಡನ್ನೂ ಒಂದೇ ರೀತಿ ತೋರಿಸಿದರೆ ಮಕ್ಕಳಿಗೆ ತಪ್ಪು ಹೇಳಿದಂತೆ.

ಆದ್ದರಿಂದ ಪ್ರತಿ ಸಾಲಿನ ಬಲ ತುದಿಗೆ ಒಂದೊಂದು ಸಣ್ಣ ಮೊಳೆ ಹೊಡೆದೆವು. ಒಂದು ಘಟನೆಗಾಗಿಯೇ ಇನ್ನೊಂದನ್ನು ಅದೇ ದಿನ ಇಟ್ಟಿದ್ದರೆ ಎರಡು ಮೊಳೆಗಳ ನಡುವೆ ಕೆಂಪು ಉಲ್ಲನ್ ದಾರ ಕಟ್ಟುವುದು. ಇಲ್ಲದಿದ್ದರೆ ದಾರ ಇಲ್ಲ. ಖರ್ಚು ಸೊನ್ನೆ, ಮನೆಯಲ್ಲಿದ್ದ ಉಲ್ಲನ್. ಇಡೀ ಕೆಲಸದಲ್ಲಿ ನನಗೆ ಅತಿ ಪ್ರೀತಿಯ ಭಾಗ ಇದೇ.

ನವೆಂಬರ್ 7 ಮತ್ತು 10: ಕ್ಯಾಲೆಂಡರಿನ ತಪ್ಪುಗಳು

ನವೆಂಬರ್ 7ಕ್ಕೆ ಮೂರು ಪಟ್ಟಿ. 1867, ಮೇರಿ ಕ್ಯೂರಿ ವಾರ್ಸಾದಲ್ಲಿ ಹುಟ್ಟಿದ್ದು. 1888, ಸಿ.ವಿ. ರಾಮನ್ ಹುಟ್ಟಿದ್ದು. 1917, ರಷ್ಯಾದ ಅಕ್ಟೋಬರ್ ಕ್ರಾಂತಿ. ನವೆಂಬರಿನಲ್ಲಿ ಅಕ್ಟೋಬರ್ ಕ್ರಾಂತಿ ಹೇಗೆ ಅಂತ ಕೇಳದ ಮಗುವೇ ಇರಲಿಲ್ಲ. ರಷ್ಯಾ ಆಗ ಹಳೇ (ಜೂಲಿಯನ್) ಕ್ಯಾಲೆಂಡರಿನಲ್ಲಿತ್ತು, ಅವರ ಲೆಕ್ಕಕ್ಕೆ ಅದು ಅಕ್ಟೋಬರ್ 25. ಮರುವರ್ಷ ನಾವೀಗ ಬಳಸುವ ಹೊಸ ಕ್ಯಾಲೆಂಡರಿಗೆ ಬದಲಾದರು. 1918ರ ಜನವರಿ 31ರ ಮರುದಿನ ಅಲ್ಲಿ ಫೆಬ್ರವರಿ 14.

ಇದಾದಮೇಲೆ ನನಗೆ ಹೆದರಿಕೆ ಹತ್ತಿತು. ಹಳೆಯ ಪಟ್ಟಿಗಳನ್ನೆಲ್ಲ ಮತ್ತೆ ತೆಗೆದು ಕೂತೆ. ಏಪ್ರಿಲ್ 23ಕ್ಕೆ ‘1616, ಷೇಕ್ಸ್‌ಪಿಯರ್ ಮತ್ತು ಸೆರ್ವಾಂಟಿಸ್ ಒಂದೇ ದಿನ ತೀರಿಕೊಂಡರು’ ಅಂತ ಬರೆದಿಟ್ಟಿದ್ದೆವು. ಎಲ್ಲ ಕಡೆ ಹಾಗೇ ಬರೆದಿರುತ್ತಾರೆ. ಆದರೆ ಲೇಖಕ ಸೆರ್ವಾಂಟಿಸ್‌ನ ನಾಡು ಸ್ಪೇನ್ 1582ರಲ್ಲೇ ಹೊಸ ಕ್ಯಾಲೆಂಡರಿಗೆ ಬಂದಿತ್ತು. ಇಂಗ್ಲೆಂಡ್ ಬಂದದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನ 14 ಮಾಡಿಕೊಂಡು. 1616ರಲ್ಲಿ ಎರಡಕ್ಕೂ ಹತ್ತು ದಿನದ ಅಂತರ. ಇಂಗ್ಲೆಂಡಿನ ಏಪ್ರಿಲ್ 23 ಅಂದರೆ ಸ್ಪೇನಿನಲ್ಲಿ ಮೇ 3. ಅದರ ಮೇಲೆ ಸೆರ್ವಾಂಟಿಸ್ ಪ್ರಾಣ ಬಿಟ್ಟದ್ದು 22ಕ್ಕೆ, 23 ಮಣ್ಣು ಮಾಡಿದ ದಿನ. ತಾರೀಖು ಒಂದೇ, ದಿನ ಒಂದೇ ಅಲ್ಲ. ಪಟ್ಟಿ ಹರಿಯಲಿಲ್ಲ. ಹಿಂದೆ ‘ಯಾಕೆ ತಪ್ಪು’ ಅಂತ ಬರೆದು ಬೇರೆ ಕವರಿನಲ್ಲಿಟ್ಟಿದ್ದೇನೆ, ಪಾಠಕ್ಕೆ ಬೇಕಾಗುತ್ತದೆ.

ಈಗ ಹಳೇ ಲೆಕ್ಕದ ತಾರೀಖು ಇದ್ದರೆ ಪಟ್ಟಿಯ ಮೂಲೆಯಲ್ಲಿ ಕಪ್ಪು ಚುಕ್ಕೆ ಇಡುತ್ತೇವೆ. ಜನವರಿ 23ಕ್ಕೆ 1565ರ ರಕ್ಕಸ-ತಂಗಡಿ ಯುದ್ಧ ಇದೆ, 1897ರಲ್ಲಿ ಸುಭಾಷ್‌ಚಂದ್ರ ಬೋಸ್ ಹುಟ್ಟಿದ್ದೂ ಇದೆ. ಮೊದಲನೆಯದಕ್ಕೆ ಚುಕ್ಕೆ, ಎರಡನೆಯದಕ್ಕೆ ಇಲ್ಲ.

ನವೆಂಬರ್ 10ರ ಸಂಜೆ ಮರುದಿನದ ಪಟ್ಟಿ ಹಾಕುತ್ತಿದ್ದ ಹುಡುಗಿ ಓಡಿ ಬಂದಳು. 11ರ ಕಟ್ಟಿನಲ್ಲಿ ನಾಲ್ಕು ಇದ್ದವು. 1888ರಲ್ಲಿ ಮೌಲಾನಾ ಆಜಾದ್ ಹುಟ್ಟಿದ್ದು. 1918ರಲ್ಲಿ ಮೊದಲ ಮಹಾಯುದ್ಧ ನಿಂತದ್ದು. 1994ರಲ್ಲಿ ಕುವೆಂಪು ತೀರಿಕೊಂಡದ್ದು. ನಾಲ್ಕನೆಯದು ಕನಕ ಜಯಂತಿ. “ಮಿಸ್, ಕನಕ ಜಯಂತಿಗೆ ರಜಾ ಇರೋದು 30ಕ್ಕಲ್ವಾ?”

ಹೌದು. ಹಿಂದಿನ ವರ್ಷದ ಕ್ಯಾಲೆಂಡರ್ ನೋಡಿ ಬರೆದಿದ್ದೆವು. 2022ರಲ್ಲಿ ನವೆಂಬರ್ 11ಕ್ಕೆ ಬಂದಿತ್ತು. ತಿಥಿ ಪ್ರಕಾರ ಬರುವುದು ಪ್ರತಿ ವರ್ಷ ಜರುಗುತ್ತದೆ. ದಿನಾ ಪಂಚಾಂಗ ನೋಡುವ ಮನೆಯಲ್ಲಿ ಬೆಳೆದ ನಾನು ಇದನ್ನು ಮರೆತದ್ದು ಹೇಗೋ ಗೊತ್ತಿಲ್ಲ. ಹನ್ನೆರಡು ತಿಂಗಳ ಹನ್ನೆರಡು ಶೂ ಡಬ್ಬದ ಜೊತೆ ಹದಿಮೂರನೆಯದೊಂದು ಸೇರಿತು, ‘ತಿಥಿ ಡಬ್ಬ’. ಬಸವ ಜಯಂತಿ, ಕನಕ ಜಯಂತಿ, ಬುದ್ಧ ಪೂರ್ಣಿಮೆ ಎಲ್ಲ ಅದರಲ್ಲಿ. ವರ್ಷದ ಶುರುವಿಗೆ ಹೊಸ ಪಂಚಾಂಗ ನೋಡಿ ಆ ವರ್ಷದ ತಾರೀಖನ್ನು ಪೆನ್ಸಿಲಿನಲ್ಲಿ ಬರೆಯುತ್ತೇವೆ.

ಜನವರಿ 25, 2024: ದಾರದ ಪರೀಕ್ಷೆ

ಜನವರಿ 26ಕ್ಕೆ ಊರಿನವರೆಲ್ಲ ಧ್ವಜಾರೋಹಣಕ್ಕೆ ಬರುತ್ತಾರೆ. ಹಿಂದಿನ ದಿನ ಮಕ್ಕಳನ್ನು ಕೂರಿಸಿಕೊಂಡು ಐದೂ ಸಾಲು ತುಂಬಿಸಿದೆವು.

1788, ಸಿಡ್ನಿಯಲ್ಲಿ ಬ್ರಿಟಿಷರು ನೆಲೆ ಊರಿದ್ದು. 1831, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು. 1930, ಪೂರ್ಣ ಸ್ವರಾಜ್ಯದ ಪ್ರತಿಜ್ಞೆ. 1950, ಗಣರಾಜ್ಯ. 2001, ಗುಜರಾತಿನ ಭುಜ್ ಭೂಕಂಪ.

ದಾರ ಯಾವುದಕ್ಕೆ? ಮಕ್ಕಳು ಮೊದಲು ರಾಯಣ್ಣನಿಗೂ ಗಣರಾಜ್ಯಕ್ಕೂ ಕಟ್ಟಬೇಕು ಅಂದರು. ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15 ಅಂತಲೂ ಹೇಳುತ್ತಾರೆ. ಹುಟ್ಟು ಸ್ವಾತಂತ್ರ್ಯದ ದಿನ, ಸಾವು ಗಣರಾಜ್ಯದ ದಿನ. ಇದನ್ನು ಕೇಳಿದ ಯಾವ ಕನ್ನಡದ ಮಗುವಿನ ಎದೆ ತುಂಬುವುದಿಲ್ಲ ಹೇಳಿ? ನನಗೂ ಕಟ್ಟಬೇಕು ಅನ್ನಿಸಿತು. ಆದರೆ ದಿನ ಆರಿಸಿದವರ ಮನಸ್ಸಿನಲ್ಲಿ ಇದ್ದದ್ದು ಬೇರೆ. ಸಂವಿಧಾನವನ್ನು ಒಪ್ಪಿಕೊಂಡಿದ್ದು 1949ರ ನವೆಂಬರ್ 26ಕ್ಕೆ. ಪೂರ್ತಿಯಾಗಿ ಜಾರಿಗೆ ತರಲು ಎರಡು ತಿಂಗಳು ಕಾದದ್ದು 1930ರ ಜನವರಿ 26ರ ನೆನಪಿಗಾಗಿ. ಲಾಹೋರ್ ಕಾಂಗ್ರೆಸ್ಸಿನ ನಿರ್ಣಯದಂತೆ ಆ ಭಾನುವಾರ ಊರೂರಲ್ಲಿ ಜನ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದರು. ದಾರ ಕಟ್ಟಿದ್ದು 1930ರಿಂದ 1950ಕ್ಕೆ ಮಾತ್ರ. ರಾಯಣ್ಣನ ಪಟ್ಟಿಯನ್ನು ಎಲ್ಲಕ್ಕಿಂತ ಮೇಲಿನ ಸಾಲಿಗೆ ಹಾಕಿದೆವು. ಅದಕ್ಕೆ ದಾರ ಬೇಕಿಲ್ಲ.

ಮಕ್ಕಳಿಗೆ ರುಚಿ ಹತ್ತಿತು. ಹಳೆಯ ಡಬ್ಬಗಳನ್ನೆಲ್ಲ ತೆಗೆದು ಎಲ್ಲಿ ದಾರ, ಎಲ್ಲಿ ಇಲ್ಲ ಅಂತ ವಿಂಗಡಿಸಿದರು. ಆಗಸ್ಟ್ 15ರಲ್ಲಿ 1945ರ ಜಪಾನ್ ಶರಣಾಗತಿಗೂ 1947ಕ್ಕೂ ದಾರ ಬಂತು. ಆ ದಿನವನ್ನು ಆರಿಸಿದ್ದು ಜಪಾನ್ ಶರಣಾದ ಎರಡನೇ ವರ್ಷದ ದಿನ ಅಂತಲೇ ಎಂದು ಮೌಂಟ್‌ಬ್ಯಾಟನ್ ಆಮೇಲೆ ಹೇಳಿಕೊಂಡಿದ್ದಾರೆ. ಅದೇ ದಿನ 1914ರಲ್ಲಿ ಪನಾಮಾ ಕಾಲುವೆ ತೆರೆದದ್ದಕ್ಕೆ ದಾರ ಇಲ್ಲ. ಫೆಬ್ರವರಿ 28ಕ್ಕೆ ದಾರ ಇದೆ: 1928ರ ರಾಮನ್ ಪರಿಣಾಮದಿಂದ ರಾಷ್ಟ್ರೀಯ ವಿಜ್ಞಾನ ದಿನಕ್ಕೆ.

ಜುಲೈ 4ರಲ್ಲಿ ಜಗಳವೇ ಆಯಿತು. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆ. ಅದಕ್ಕೆ ಸರಿಯಾಗಿ 50 ವರ್ಷ ತುಂಬಿದ ದಿನ, 1826ರ ಜುಲೈ 4ಕ್ಕೆ, ಅದಕ್ಕಾಗಿ ದುಡಿದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಇಬ್ಬರೂ ತೀರಿಕೊಂಡರು. ಕೆಲವೇ ಗಂಟೆಗಳ ಅಂತರದಲ್ಲಿ. 1902ರಲ್ಲಿ ವಿವೇಕಾನಂದರು ಹೋದದ್ದೂ ಜುಲೈ 4ಕ್ಕೇ. “ಇಷ್ಟೊಂದು ಸುಮ್ನೆ ಹೆಂಗ್ ಬರುತ್ತೆ ಮಿಸ್?” ಅಂತ ಒಬ್ಬಳು ಬಿಡಲೇ ಇಲ್ಲ. ವರ್ಷಕ್ಕೆ ಇರುವುದು 366 ಡಬ್ಬದ ಸಂದು, ಹಾಕುವ ಪಟ್ಟಿ ಸಾವಿರ, ಕೂಡಿ ಬರಲೇಬೇಕು ಅಂತ ಗಣಿತದ ಮೇಷ್ಟ್ರು ಹೇಳಿದರು. ದಾರ ಕಟ್ಟಲಿಲ್ಲ. ಅವಳಿಗೆ ಇನ್ನೂ ಒಪ್ಪಿಗೆ ಇಲ್ಲ.

ಫೆಬ್ರವರಿ 29, 2024: ಇಲ್ಲದ ಸಂದು

366 ಅಂತ ಬಾಯಲ್ಲಿ ಹೇಳಿದೆವು, ಆದರೆ ಡಬ್ಬದಲ್ಲಿ ಇದ್ದದ್ದು 365. ಫೆಬ್ರವರಿ ಡಬ್ಬಕ್ಕೆ 28 ಅಡ್ಡ ಕಾರ್ಡು ಮಾತ್ರ ಹಾಕಿದ್ದೆ. 28ರ ಸಂಜೆ ಮಕ್ಕಳು ಖಾಲಿ ಕೈಯಲ್ಲಿ ಬಂದು ನಿಂತರು. ಅವತ್ತು ರಾತ್ರಿ ಹುಡುಕಿ ಬರೆದದ್ದು ಎರಡು ಪಟ್ಟಿ, ಎರಡೂ ಚಿನ್ನದಂಥವು.

1896ರ ಫೆಬ್ರವರಿ 29, ಮೊರಾರ್ಜಿ ದೇಸಾಯಿ ಹುಟ್ಟಿದ್ದು. 1900 ಅಧಿಕ ವರ್ಷ ಅಲ್ಲ, ಆದ್ದರಿಂದ ಅವರ ಹುಟ್ಟಿದ ತಾರೀಖು ಮತ್ತೆ ಬಂದದ್ದು 1904ರಲ್ಲಿ, ಅವರಿಗೆ ಎಂಟು ವರ್ಷ ಆದಾಗ. ಆ 1904ರ ಫೆಬ್ರವರಿ 29ಕ್ಕೇ ಮದುರೆಯಲ್ಲಿ ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಹುಟ್ಟಿದರು. 1977ರಲ್ಲಿ ಪ್ರಧಾನಿ ಆಗಿದ್ದ ಮೊರಾರ್ಜಿ, ರುಕ್ಮಿಣಿ ದೇವಿಯವರನ್ನು ರಾಷ್ಟ್ರಪತಿ ಸ್ಥಾನಕ್ಕೆ ನಿಲ್ಲಲು ಕೇಳಿದರು. ಅವರು ಒಪ್ಪಲಿಲ್ಲ.

29ನೇ ಅಡ್ಡ ಕಾರ್ಡು ಈಗ ಇದೆ. ಮುಂದೆ ತೆಗೆಯುವುದು 2028ಕ್ಕೆ. ಆಗ ಈ ಮಕ್ಕಳು ಯಾರೂ ಇಲ್ಲಿರುವುದಿಲ್ಲ ಅಂತ, ಬರೆದ ಇಬ್ಬರೂ ಪಟ್ಟಿಯ ಹಿಂದೆ ತಮ್ಮ ಹೆಸರು ಹಾಕಿದ್ದಾರೆ.

ಖರ್ಚು

ಪ್ಲೈವುಡ್ 840. ಬೀಡಿಂಗ್ 200, ಮತ್ತೆ ಹಾಕಿದ್ದಕ್ಕೆ ಇನ್ನೊಂದು 200. ಫೆವಿಕಾಲ್ 140. ಪ್ರೈಮರ್ ಮತ್ತು ಎನಾಮಲ್ 340. ಕೊಕ್ಕೆ 30. ಸ್ಕ್ರೂ, ಪ್ಲಗ್ 60. ಹಾರ್ಡ್‌ಬೋರ್ಡ್ 150. ಕ್ಲಿಪ್ 60. ಐವರಿ ಶೀಟು 18ಕ್ಕೆ 270. ಡ್ರಾಯಿಂಗ್ ಶೀಟು 190ಕ್ಕೆ 1,140. ಮಾರ್ಕರ್ 6ಕ್ಕೆ 150. ಆಚಾರ್ರಿಗೆ 400. ಒಟ್ಟು 3,980 ರೂಪಾಯಿ. ಮೊದಲೇ ಹಾರ್ಡ್‌ಬೋರ್ಡ್ ಉಪಾಯ ಹೊಳೆದಿದ್ದರೆ ಸುಮಾರು 350 ಉಳಿಯುತ್ತಿತ್ತು.

ಪ್ರತಿ ಪಟ್ಟಿಯ ಹಿಂದೆ ಪೆನ್ಸಿಲಿನಲ್ಲಿ ಮೂರು ಸಂಗತಿ ಇರಲೇಬೇಕು: ಎಲ್ಲಿ ಸಿಕ್ಕಿತು, ಯಾರು ಬರೆದರು, ಎರಡನೇ ಸಲ ಯಾರು ನೋಡಿದರು. ಫೋನಿನಲ್ಲಿ ಬಂದ ಮೆಸೇಜು ಒಂದನ್ನೇ ನಂಬಿ ಬರೆದ ಪಟ್ಟಿಗಳಲ್ಲಿ ಇಲ್ಲಿಯವರೆಗೆ 37 ತೆಗೆದುಹಾಕಿದ್ದೇವೆ.

ಜೂನ್ 6, 2024

ಶಾಲೆ ಮತ್ತೆ ಶುರುವಾಗಿದೆ. ಜೂನ್ ಮೊದಲ ವಾರದ ಪಟ್ಟಿಗಳು ಮೊದಲ ಸಲ ಗೋಡೆಗೆ ಬರುತ್ತಿವೆ, ಹೋದ ವರ್ಷ ಹಲಗೆ ಏರಿದ್ದೇ 26ಕ್ಕಲ್ಲವೇ. ಇವತ್ತು 1674ರ ಶಿವಾಜಿ ಪಟ್ಟಾಭಿಷೇಕ ಇದೆ, ಇಂಗ್ಲಿಷರ ಹಳೇ ಲೆಕ್ಕದ ತಾರೀಖಾದ್ದರಿಂದ ಕಪ್ಪು ಚುಕ್ಕೆಯ ಜೊತೆಗೆ. 1944ರಲ್ಲಿ ಮಿತ್ರ ಪಡೆಗಳು ನಾರ್ಮಂಡಿಯಲ್ಲಿ ಇಳಿದದ್ದಿದೆ. ಅದರ ಕೆಳಗೆ ಎರಡು ಪಟ್ಟಿ: 1891, ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು. 1986, ಮಾಸ್ತಿ ತೀರಿಕೊಂಡದ್ದು. ಸರಿಯಾಗಿ 95 ವರ್ಷ ತುಂಬಿದ ದಿನ.

ಹೊಸದಾಗಿ ಸೇರಿದ ಎಂಟನೇ ತರಗತಿಯ ಹುಡುಗ ಎರಡೂ ಪಟ್ಟಿ ಓದಿ, ದಾರದ ಉಂಡೆ ಕೈಗೆತ್ತಿಕೊಂಡು ನನ್ನ ಮುಖ ನೋಡಿದ. ನಿಯಮದ ಪ್ರಕಾರ ಕಟ್ಟಬಾರದು. ದೊಡ್ಡ ಮಕ್ಕಳೇ ಅವನಿಗೆ ಹೇಳಿದರು. ಅವನು ದಾರ ವಾಪಸ್ ಇಟ್ಟು, ಎರಡೂ ಪಟ್ಟಿಗಳನ್ನು ಜರುಗಿಸಿ ಒಂದರ ಕೆಳಗೊಂದು ಸಮ ಮಾಡಿದ.

ನಾಳೆ ಜೂನ್ 7. 1893ರಲ್ಲಿ ಗಾಂಧೀಜಿಯನ್ನು ಪೀಟರ್‌ಮ್ಯಾರಿಟ್ಜ್‌ಬರ್ಗಿನಲ್ಲಿ ರೈಲಿನಿಂದ ಹೊರಗೆ ತಳ್ಳಿದ ದಿನ. ಪಟ್ಟಿ ಸಿದ್ಧವಿದೆ, ಹಿಂಬದಿಯ ‘ಎರಡನೇ ಸಲ ನೋಡಿದವರು’ ಖಾಲಿ ಇದೆ. ಇವತ್ತು ಸಂಜೆ ಕೂತು ನೋಡಬೇಕು. ಮಾರ್ಕರ್ ಕೂಡ ಮುಗಿದಿದೆ.